ವಜಾಗೊಂಡ ಪೊಲೀಸ್ ಮುಖ್ಯಸ್ಥ ಮತ್ತು ನಗರಾಡಳಿತದ ಹೊಣೆ: ಓವೆನ್ ಪ್ರಕರಣದ ಟಿಪ್ಪಣಿ

ಸ್ಥಳೀಯ ಸಂಸ್ಥೆಗಳ ಉತ್ತರದಾಯಿತ್ವವನ್ನು ಅಭ್ಯಾಸ ಮಾಡುವವರು ಅಮೆರಿಕದ ಸುಪ್ರೀಂ ಕೋರ್ಟ್ 1980ರ ಏಪ್ರಿಲ್ 16ರಂದು ತೀರ್ಪಿತ್ತ ‘ಓವೆನ್ ವಿರುದ್ಧ ಸಿಟಿ ಆಫ್ ಇಂಡಿಪೆಂಡೆನ್ಸ್’ ಪ್ರಕರಣವನ್ನು ಅವಶ್ಯವಾಗಿ ಓದಬೇಕು. ಅಧಿಕಾರಿಗಳು ಸದುದ್ದೇಶದಿಂದಲೇ ನಡೆದುಕೊಂಡಿದ್ದರೂ ಅವರ ಕ್ರಮದಿಂದ ಒಬ್ಬರ ಸಾಂವಿಧಾನಿಕ ಹಕ್ಕಿಗೆ ಚ್ಯುತಿ ಬಂದಿದ್ದರೆ ನಗರವು ಪರಿಹಾರ ಕೊಡಬೇಕೇ ಎಂಬುದು ಅಲ್ಲಿನ ಪ್ರಶ್ನೆ.

ಈ ಪ್ರಕರಣದಲ್ಲಿ ಘಟನಾವಳಿಯೇ ಅರ್ಧ ವಾದವಾಗಿರುವುದರಿಂದ ಅದನ್ನು ನಿಧಾನವಾಗಿ ಓದಬೇಕು. ಜಾರ್ಜ್ ಓವೆನ್ 1967ರಲ್ಲಿ ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ನಗರದ ಪೊಲೀಸ್ ಮುಖ್ಯಸ್ಥರಾದರು. ಐದು ವರ್ಷಗಳ ನಂತರ, ನಾಶಪಡಿಸಲಾಗಿದೆಯೆಂದು ದಾಖಲೆಯಲ್ಲಿ ನಮೂದಾಗಿದ್ದ ಪಿಸ್ತೂಲೊಂದು ಪಕ್ಕದ ಕಾನ್ಸಾಸ್ ಸಿಟಿಯಲ್ಲಿ ಅಪರಾಧಿಯೊಬ್ಬನ ಬಳಿ ಸಿಕ್ಕಿತು. ಇಲಾಖೆಯ ಮುದ್ದೆಮಾಲು ಕೊಠಡಿಯ ನಿರ್ವಹಣೆಯ ಬಗ್ಗೆ ತನಿಖೆ ನಡೆಯಿತು. 1972ರ ಏಪ್ರಿಲ್ 13ರಂದು ಸಿಟಿ ಮ್ಯಾನೇಜರ್ (ನಗರಾಡಳಿತದ ಮುಖ್ಯ ಕಾರ್ಯನಿರ್ವಾಹಕ) ಲೈಲ್ ಆಲ್ಬರ್ಗ್ ನೀಡಿದ ಹೇಳಿಕೆಯ ಪ್ರಕಾರ, ವಸ್ತುಗಳ ನಿರ್ವಹಣೆಯಲ್ಲಿ ಲೋಪಗಳಿದ್ದರೂ ಕ್ರಿಮಿನಲ್ ಸ್ವರೂಪದ ಆರೋಪಗಳಿಗೆ ಪುರಾವೆ ಕಂಡುಬಂದಿರಲಿಲ್ಲ. ಆದರೆ ಏಪ್ರಿಲ್ 17ರ ನಗರ ಪರಿಷತ್ ಸಭೆಯಲ್ಲಿ ಸದಸ್ಯರೊಬ್ಬರು ಮೊದಲೇ ಬರೆದು ತಂದಿದ್ದ ಹೇಳಿಕೆಯನ್ನು ಓದಿ, ಪೊಲೀಸ್ ವಶದಲ್ಲಿದ್ದ ವಸ್ತುಗಳು ದುರುಪಯೋಗವಾಗಿವೆ, ಹಣ ಕಾಣೆಯಾಗಿದೆ ಎಂಬಂಥ ಗಂಭೀರ ಆರೋಪಗಳನ್ನು ಮಾಡಿದರು. ತನಿಖಾ ವರದಿಯನ್ನು ಪತ್ರಿಕೆಗಳಿಗೂ ಪ್ರಾಸಿಕ್ಯೂಟರ್‌ಗೂ ಕೊಡಬೇಕೆಂಬ ನಿರ್ಣಯವನ್ನು ಪರಿಷತ್ತು ಅಂಗೀಕರಿಸಿತು. ಮಾರನೆಯ ದಿನವೇ ಓವೆನ್ ವಜಾಗೊಂಡರು. ಆದೇಶದಲ್ಲಿ ನಗರದ ಚಾರ್ಟರಿನ (ನಗರಾಡಳಿತದ ಮೂಲ ನಿಯಮಾವಳಿಯ) ಸೆಕ್ಷನ್ ಸಂಖ್ಯೆ ಇತ್ತೇ ಹೊರತು ಕಾರಣವಿರಲಿಲ್ಲ. ಲಿಖಿತ ಆರೋಪಪಟ್ಟಿಯನ್ನೂ ಬಹಿರಂಗ ವಿಚಾರಣೆಯನ್ನೂ ಅವರು ಕೇಳಿದಾಗ, ಅಂಥ ವಿಧಾನಕ್ಕೆ ಚಾರ್ಟರಿನಲ್ಲಿ ಅವಕಾಶವೇ ಇಲ್ಲವೆಂಬ ಉತ್ತರ ಬಂತು. ಮುಂದೆ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಲು ಸಾಕಷ್ಟು ಪುರಾವೆ ಇದೆಯೇ ಎಂದು ನೋಡುವ ನಾಗರಿಕರ ಮಂಡಳಿ) ಯಾವ ದೋಷಾರೋಪಣೆಯನ್ನೂ ಹೊರಿಸಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಅಂಶವೊಂದಿದೆ. ಓವೆನ್ ಅವರಿಗೆ ಹುದ್ದೆಯ ಮೇಲೆ ಹಕ್ಕಿರಲಿಲ್ಲ. ‘ಸೇವೆಯ ಹಿತದೃಷ್ಟಿಯಿಂದ’ ಇಲಾಖಾ ಮುಖ್ಯಸ್ಥರನ್ನು ತೆಗೆದುಹಾಕುವ ಅಧಿಕಾರ ಸಿಟಿ ಮ್ಯಾನೇಜರ್‌ಗೆ ಇತ್ತು. ಆದ್ದರಿಂದ ಅವರ ದಾವೆ ನಿಂತದ್ದು ಅಮೆರಿಕದ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯು ರಕ್ಷಿಸುವ ಸ್ವಾತಂತ್ರ್ಯದ ಮೇಲೆ: ಸರ್ಕಾರವೇ ಒಬ್ಬರ ಹೆಸರಿಗೆ ಬಹಿರಂಗವಾಗಿ ಮಸಿ ಬಳಿದು, ಅದೇ ಹೊತ್ತಿಗೆ ಕೆಲಸದಿಂದ ತೆಗೆದರೆ, ಆ ಕಳಂಕವನ್ನು ತೊಡೆದುಕೊಳ್ಳಲು ಅವರಿಗೆ ವಿಚಾರಣೆಯ ಅವಕಾಶವನ್ನಾದರೂ ಕೊಡಬೇಕು. ಈ ತತ್ತ್ವವನ್ನು ಸ್ಪಷ್ಟಪಡಿಸಿದ ಸುಪ್ರೀಂ ಕೋರ್ಟಿನ ರಾತ್ ಮತ್ತು ಸಿಂಡರ್ಮನ್ ತೀರ್ಪುಗಳು ಬಂದದ್ದು ವಜಾ ಆದ ಸುಮಾರು ಹತ್ತು ವಾರಗಳ ನಂತರ, 1972ರ ಜೂನ್ 29ರಂದು. ಇನ್ನೂ ಹೊರಬಾರದ ತೀರ್ಪನ್ನು ಅಧಿಕಾರಿಗಳು ಊಹಿಸಲಾಗದು ಎಂಬ ಕಾರಣದಿಂದ ಎಂಟನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು ನಗರಕ್ಕೆ ಸದುದ್ದೇಶದ ರಕ್ಷಣೆ ನೀಡಿತು.

ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಅದನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಬ್ರೆನನ್ ಬರೆದ ತೀರ್ಪಿನ ತಿರುಳು ಹೀಗಿದೆ: ಸಾಂವಿಧಾನಿಕ ಹಕ್ಕು ಕಸಿದವರ ಮೇಲೆ ದಾವೆ ಹೂಡಲು ಅವಕಾಶ ಕೊಡುವ, 1871ರ ನಾಗರಿಕ ಹಕ್ಕು ಕಾಯ್ದೆಯಿಂದ ಬಂದ ‘ಸೆಕ್ಷನ್ 1983’ ಎಂಬ ಕಲಮಿನಲ್ಲಿ ನಗರಗಳಿಗೆ ವಿನಾಯಿತಿಯ ಮಾತೇ ಇಲ್ಲ, 1978ರ ಮೊನೆಲ್ ತೀರ್ಪು ನಗರಗಳನ್ನು ಆ ಕಾಯ್ದೆಯ ವ್ಯಾಪ್ತಿಗೆ ತಂದಿದೆ, ತನ್ನ ಜೇಬಿನಿಂದ ದಂಡ ತೆರಬೇಕಾದೀತೆಂಬ ಅಂಜಿಕೆಯಿಂದ ಅಧಿಕಾರಿ ನಿರ್ಧಾರ ಕೈಗೊಳ್ಳಲು ಹಿಂಜರಿಯಬಾರದೆಂದು ವ್ಯಕ್ತಿಗೆ ರಕ್ಷಣೆ ಕೊಡುವುದು ಸರಿ, ಆದರೆ ಆ ತರ್ಕ ಸಂಸ್ಥೆಗೆ ಅನ್ವಯಿಸುವುದಿಲ್ಲ. ನಷ್ಟವನ್ನು ನೊಂದವನೊಬ್ಬನೇ ಹೊರುವುದಕ್ಕಿಂತ, ಆಡಳಿತದ ಪ್ರಯೋಜನ ಪಡೆಯುವ ಸಮುದಾಯವೆಲ್ಲ ಹಂಚಿಕೊಳ್ಳುವುದು ನ್ಯಾಯ; ಹೊಣೆ ಖಚಿತವಾದರೆ ನಗರಗಳು ತಮ್ಮ ಒಳನಿಯಮಗಳನ್ನು ಎಚ್ಚರದಿಂದ ರೂಪಿಸಿಕೊಳ್ಳುತ್ತವೆ ಎಂಬುದೂ ಬಹುಮತದ ನಿಲುವು.

ನ್ಯಾಯಮೂರ್ತಿ ಪೊವೆಲ್ ಅವರ ಭಿನ್ನಮತವನ್ನು ಪರೀಕ್ಷೆಗಾಗಿ ಒಂದು ಸಾಲಿಗೆ ಇಳಿಸುವುದು ಅನ್ಯಾಯ. ಅಂದಿನ ಕಾನೂನನ್ನು ಪಾಲಿಸಿದ ನಗರವನ್ನು ನಾಳಿನ ಕಾನೂನಿನಿಂದ ಅಳೆಯುವುದು ತಪ್ಪಿಲ್ಲದೆಯೇ ಹೊಣೆ ಹೊರಿಸಿದಂತೆ, ಸಣ್ಣ ಊರುಗಳ ಖಜಾನೆಗೆ ಇದು ಅಪಾಯ ಎಂಬ ಅವರ ಆತಂಕ ಪೊಳ್ಳಲ್ಲ. ಆದರೂ ನನಗೆ ಬಹುಮತವೇ ಒಪ್ಪಿಗೆಯಾಗುತ್ತದೆ. ನಗರ ಕೊಡಬೇಕಾಗಿದ್ದುದು ಒಂದು ವಿಚಾರಣೆ ಮಾತ್ರ. ಅದಕ್ಕೆ ಭವಿಷ್ಯವಾಣಿ ಬೇಕಿರಲಿಲ್ಲ, ಪರಿಷತ್ತಿನ ಇನ್ನೊಂದು ಸಭೆ ಸಾಕಿತ್ತು.

ಈ ಹೊಣೆಗೆ ಮಿತಿಗಳೂ ಇವೆ. ಮೊನೆಲ್ ಪ್ರಕಾರ ಹಾನಿಯು ನಗರದ ನೀತಿಯಿಂದಲೋ ರೂಢಿಯಿಂದಲೋ ಉಂಟಾಗಿರಬೇಕು, ನೌಕರನೊಬ್ಬನ ತಪ್ಪು ಮಾತ್ರ ಸಾಲದು. 1981ರ ನ್ಯೂಪೋರ್ಟ್ ತೀರ್ಪಿನ ನಂತರ ಸೆಕ್ಷನ್ 1983ರ ಅಡಿಯಲ್ಲಿ ನಗರಗಳ ಮೇಲೆ ದಂಡನಾತ್ಮಕ ಪರಿಹಾರ ವಿಧಿಸುವಂತಿಲ್ಲ. ಓವೆನ್ ತಮ್ಮ ದಾವೆಯಲ್ಲಿ ಮ್ಯಾನೇಜರ್ ಮತ್ತು ಪರಿಷತ್ ಸದಸ್ಯರನ್ನು ಅವರವರ ಅಧಿಕಾರದ ನೆಲೆಯಲ್ಲಷ್ಟೇ ಪ್ರತಿವಾದಿಗಳನ್ನಾಗಿ ಮಾಡಿದ್ದರು ಎಂಬುದನ್ನೂ ಗುರುತಿಸಿಕೊಳ್ಳಿ. ಹೀಗಾಗಿ ಪರಿಹಾರದ ಭಾರ ಕಡೆಗೆ ಬೀಳುವುದು ತೆರಿಗೆದಾರರ ಮೇಲೆಯೇ. ಭಾರತದಲ್ಲಿ 1993ರ ಲಖನೌ ಅಭಿವೃದ್ಧಿ ಪ್ರಾಧಿಕಾರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹಿಡಿದ ದಾರಿ ಬೇರೆ: ಪರಿಹಾರವನ್ನು ಮೊದಲು ಸಾರ್ವಜನಿಕ ನಿಧಿಯಿಂದ ಕೊಡಬೇಕು, ಬಳಿಕ ಹೊಣೆಗಾರರೆಂದು ಕಂಡುಬಂದ ಅಧಿಕಾರಿಗಳಿಂದ ವಸೂಲು ಮಾಡಬೇಕು ಎಂದು ಅದು ಹೇಳಿತು.