ಇಂಗ್ಲಿಷ್ ವಾಕ್ಯ: ಮೊದಲು ಕರ್ತೃವನ್ನು ಹುಡುಕಿ

‘ನಾಯಿ ಹುಡುಗನನ್ನು ಕಚ್ಚಿತು’ ಅನ್ನಿ, ‘ಹುಡುಗನನ್ನು ನಾಯಿ ಕಚ್ಚಿತು’ ಅನ್ನಿ, ಅರ್ಥ ಒಂದೇ. ‘ಅನ್ನು’ ಪ್ರತ್ಯಯ ಹುಡುಗನಿಗೆ ಅಂಟಿಕೊಂಡಿರುವವರೆಗೆ ಅನುಮಾನವೇ ಇಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ‘ದಿ ಡಾಗ್ ಬಿಟ್ ದಿ ಬಾಯ್’ ವಾಕ್ಯದಲ್ಲಿ ನಾಯಿ, ಹುಡುಗ ಇಬ್ಬರ ಜಾಗ ಅದಲುಬದಲು ಮಾಡಿದರೆ ಕಚ್ಚಿದವನು ಹುಡುಗನೇ ಆಗುತ್ತಾನೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು. ಬರಬರುತ್ತಾ ಸವೆದುಹೋದವು. ‘ಹೀ’, ‘ಹಿಮ್’ ಎಂಬ ಜೋಡಿಯಲ್ಲಿ ಈಗಲೂ ಅವುಗಳ ಗುರುತಿದೆ. ಪ್ರತ್ಯಯದ ಕೆಲಸವನ್ನು ಈಗ ಹೆಚ್ಚಾಗಿ ಪದ ಕೂತಿರುವ ಜಾಗವೇ ಮಾಡುತ್ತದೆ. ಮೊದಲು ಕರ್ತೃ, ಆಮೇಲೆ ಕ್ರಿಯಾಪದ, ಆಮೇಲೆ ಕರ್ಮ.

ಅದಕ್ಕೇ ದೊಡ್ಡವರಿಗೆ ಇಂಗ್ಲಿಷ್ ಕಲಿಸುವಾಗ ನಾನು ಕಾಲಗಳ ಪಟ್ಟಿಯಿಂದ ಶುರು ಮಾಡುವುದಿಲ್ಲ. ಪಟ್ಟಿ ಪೂರ್ತಿ ಬಾಯಿಪಾಠ ಇದ್ದರೂ ನಾಲ್ಕು ಮಾತಾಡಲು ತಡವರಿಸುವವರನ್ನು ನೋಡಿದರೆ ಸಂಕಟವಾಗುತ್ತದೆ. ಮೊದಲ ದಿನ ನಾನು ಕೇಳಿಸುವುದು ಒಂದೇ ಪ್ರಶ್ನೆ: ಈ ವಾಕ್ಯದ ಕರ್ತೃ ಯಾರು?

ಕನ್ನಡಿಗರಿಗೆ ನಿಜವಾದ ತೊಡಕು ಇರುವುದೂ ಇಲ್ಲೇ. ‘ನನಗೆ’ ಎಂದು ಶುರುವಾಗುವ ವಾಕ್ಯ ನಮ್ಮಲ್ಲಿ ಜಾಸ್ತಿ. ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಕಾಫಿ ಬೇಕು, ನನಗೆ ಇಬ್ಬರು ಮಕ್ಕಳು. ಇಂಗ್ಲಿಷಿನಲ್ಲಿ ಈ ‘ನನಗೆ’ ಹೋಗಿ ‘ಐ’ ಕೂರುತ್ತದೆ: ಐ ಆ್ಯಮ್ ಹಂಗ್ರಿ, ಐ ನೋ, ಐ ವಾಂಟ್ ಕಾಫಿ, ಐ ಹ್ಯಾವ್ ಟೂ ಚಿಲ್ಡ್ರನ್. ಆರಂಭ ಒಂದೇ, ಕ್ರಿಯಾಪದ ಮಾತ್ರ ಬೇರೆ ಬೇರೆ. ಹಸಿವಿಗೆ ‘ಆ್ಯಮ್’, ಮಕ್ಕಳಿಗೆ ‘ಹ್ಯಾವ್’. ಇದಕ್ಕೆ ಸೂತ್ರ ಹುಡುಕುತ್ತಾ ಕೂರಬೇಡಿ, ಇಡೀ ವಾಕ್ಯವನ್ನೇ ರೂಢಿ ಮಾಡಿಕೊಳ್ಳಿ. ಇನ್ನೊಂದು ಮಾತು. ಗೊತ್ತಿರುವುದು, ಬೇಕಾಗಿರುವುದು ಇವೆಲ್ಲ ಸ್ಥಿತಿಗಳು, ನಡೆಯುತ್ತಿರುವ ಕೆಲಸಗಳಲ್ಲ. ಹಾಗಾಗಿ ‘ಐ ನೋ’ ಸಾಕು, ‘ಐ ಆ್ಯಮ್ ನೋಯಿಂಗ್’ ಬೇಡ.

ಕರ್ತೃವಿನ ಜಾಗ ಖಾಲಿ ಬಿಡುವುದನ್ನೂ ಇಂಗ್ಲಿಷ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ‘ನಾಳೆ ಬರುತ್ತೇನೆ’ ಅಂದರೆ ಬರುವವರು ಯಾರೆಂದು ನಮ್ಮ ಕ್ರಿಯಾಪದವೇ ಹೇಳುತ್ತದೆ ಅಲ್ವಾ? ಇಂಗ್ಲಿಷಿನಲ್ಲಿ ‘ಐ’ ಹೇಳಲೇಬೇಕು. ‘ತುಂಬಾ ಸೆಖೆ’ ಅನ್ನಲು ‘ಇಟ್ ಈಸ್ ವೆರಿ ಹಾಟ್’ ಅನ್ನಬೇಕು. ಆ ‘ಇಟ್’ಗೆ ಅರ್ಥ ಹುಡುಕಿದರೆ ಸಿಗುವುದಿಲ್ಲ. ಬಸ್ಸಿನ ಸೀಟಿಗೆ ಹಾಕಿದ ಟವೆಲಿನ ಹಾಗೆ ಅದು ಸುಮ್ನೆ ಜಾಗ ಹಿಡಿದಿರುತ್ತದೆ. ಕ್ರಿಯಾಪದದ ಜಾಗವೂ ಹಾಗೆಯೇ. ‘ಅವರು ಮೇಷ್ಟ್ರು’ ನಮಗೆ ಪೂರ್ತಿ ವಾಕ್ಯ. ಇಂಗ್ಲಿಷಿಗೆ ನಡುವೆ ‘ಈಸ್’ ಬೇಕು.

ಪ್ರಶ್ನೆ ಕೇಳಲು ನಾವು ಕೊನೆಗೊಂದು ‘ಆ’ ಸೇರಿಸುತ್ತೇವೆ. ಅವರು ಜಾಗ ಬದಲಿಸುತ್ತಾರೆ. ‘ಯು ಆರ್ ರೆಡಿ’ ಎಂಬುದು ‘ಆರ್ ಯು ರೆಡಿ’ ಆಗುತ್ತದೆ. ಹಾಗೆ ಮುಂದೆ ತರಲು ‘ಆರ್’, ‘ಈಸ್’, ‘ಕ್ಯಾನ್’ ತರಹದ ಸಹಾಯಕ ಕ್ರಿಯಾಪದ ಇಲ್ಲದ ಕಡೆ ‘ಡು’ ಬರುತ್ತದೆ: ‘ಡು ಯು ನೋ’.

ಅಭ್ಯಾಸಕ್ಕೆ ಇಂಗ್ಲಿಷ್ ಪತ್ರಿಕೆಯ ಒಂದು ವರದಿ ಸಾಕು. ಕರ್ತೃವಿನ ಕೆಳಗೆ ಒಂದು ಗೆರೆ, ಕ್ರಿಯಾಪದದ ಕೆಳಗೆ ಎರಡು ಗೆರೆ ಎಳೆಯಿರಿ. ಕರ್ತೃ ಒಂದೇ ಪದ ಆಗಿರಬೇಕೆಂದಿಲ್ಲ, ಅರ್ಧ ಸಾಲು ಉದ್ದವೂ ಇರಬಹುದು. ತಲೆಬರಹ ಬಿಟ್ಟು ಕೆಳಗಿನ ವರದಿಯಿಂದ ಶುರು ಮಾಡಿ. ತಲೆಬರಹದಲ್ಲಿ ಜಾಗ ಉಳಿಸಲು ‘ಈಸ್’, ‘ಆರ್’ಗಳನ್ನು ಎಷ್ಟೋ ಸಲ ಬಿಟ್ಟಿರುತ್ತಾರೆ.