ನೆಟ್‌ವರ್ಕ್ ಯಾವುದು ಚೆನ್ನಾಗಿದೆ ಅಂದರೆ, ಮೊದಲು ಎಲ್ಲಿ ಅಂತ ಹೇಳಿ

"ಯಾವ ಕಂಪನಿ ಸಿಮ್ ತಗೊಳ್ಳಲಿ?" ಟೆಲಿಕಾಂ ಕೆಲಸದಲ್ಲಿರುವವರಿಗೆ ಎಲ್ಲಿ ಹೋದರೂ ತಪ್ಪದ ಪ್ರಶ್ನೆ ಇದು. ನಾನು ತಿರುಗಿಸಿ ಎರಡು ಪ್ರಶ್ನೆ ಕೇಳುತ್ತೇನೆ. ದಿನದಲ್ಲಿ ಜಾಸ್ತಿ ಹೊತ್ತು ನೀವು ಇರುವುದು ಎಲ್ಲಿ? ಫೋನನ್ನು ಜಾಸ್ತಿ ಬಳಸುವುದು ಎಷ್ಟು ಹೊತ್ತಿಗೆ? ಇವೆರಡು ಗೊತ್ತಿಲ್ಲದೆ "ಇದೇ ಬೆಸ್ಟ್" ಅನ್ನುವುದು ಸುಮ್ನೆ ಬಾಯಿಗೆ ಬಂದದ್ದು ಹೇಳಿದಂತೆ. ಒಂದೇ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪನಿ ಚೆನ್ನಾಗಿ ಸಿಗುತ್ತದೆ, ಹಿಂದಿನ ಕೋಣೆಗೆ ಹೋದರೆ ಇನ್ನೊಂದು. ಕಾರಿನಲ್ಲಿ ಫೋನು, ಲ್ಯಾಪ್‌ಟಾಪ್ ಇಟ್ಟುಕೊಂಡು ಬೀದಿ ಬೀದಿ ಸಿಗ್ನಲ್ ಅಳೆಯುವ ಕೆಲಸ ನನ್ನದು, ಡ್ರೈವ್ ಟೆಸ್ಟ್ ಅಂತೀವಿ. ಎರಡು ಬೀದಿ ದಾಟುವಷ್ಟರಲ್ಲಿ ಮೊದಲನೆಯ ಸ್ಥಾನ ಬದಲಾಗುವುದು ನಮಗೆ ಮಾಮೂಲು.

ಮೊದಲು ಪರದೆಯ ಮೇಲಿನ ಕಡ್ಡಿಗಳ ವಿಷಯ ಮುಗಿಸಿಬಿಡೋಣ. ಎರಡು ಫೋನ್ ಪಕ್ಕಪಕ್ಕ ಇಟ್ಟು, "ಇದರಲ್ಲಿ ನಾಲ್ಕು ಕಡ್ಡಿ, ಅದರಲ್ಲಿ ಎರಡೇ" ಅಂತ ತೀರ್ಪು ಕೊಡುವವರು ಬಹಳ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದಕ್ಕೆ ಎಲ್ಲರೂ ಪಾಲಿಸುವ ಅಳತೆ ಇಲ್ಲ. ಫೋನ್ ತಯಾರಿಸುವವರು ತಂತಮ್ಮ ಲೆಕ್ಕದಲ್ಲಿ ತೋರಿಸುತ್ತಾರೆ. 2010ರಲ್ಲಿ ಐಫೋನ್ 4 ಬಂದಾಗ ಸಿಗ್ನಲ್ ಬಗ್ಗೆ ದೊಡ್ಡ ಗಲಾಟೆಯಾಯಿತು. ಕಡ್ಡಿ ತೋರಿಸುವ ತನ್ನ ಸೂತ್ರವೇ ಪೂರ್ತಿ ತಪ್ಪು, ಎಷ್ಟೋ ಸಲ ಎರಡು ಕಡ್ಡಿ ಜಾಸ್ತಿ ತೋರಿಸುತ್ತಿತ್ತು ಅಂತ ಆಪಲ್ ಆಗ ಒಪ್ಪಿಕೊಂಡಿತು.

ಕಡ್ಡಿ ಬಿಟ್ಟು ಅಂಕಿ ನೋಡಿ. ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಅಂತ ಹೋದರೆ ಸಿಗ್ನಲ್ ಸ್ಟ್ರೆಂತ್ ಪಕ್ಕ ಡಿಬಿಎಂ ಲೆಕ್ಕದ (ಸಿಗ್ನಲ್ ಬಲವನ್ನು ಡೆಸಿಬಲ್‌ನಲ್ಲಿ ಅಳೆಯುವ ಲೆಕ್ಕ) ಅಂಕಿ ಇರುತ್ತದೆ. ಐಫೋನ್‌ನಲ್ಲಿ *3001#12345#* ಒತ್ತಿ ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ಪರದೆ ತೆರೆಯುತ್ತದೆ. ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ -85 ಇದ್ದರೆ ಆರಾಮ. -100ರ ಆಸುಪಾಸಿನಲ್ಲಿ ಕೆಲಸ ನಡೆಯುತ್ತದೆ. -110 ದಾಟಿದರೆ ತೊಡರಲು ಶುರು. -120 ಅಂದರೆ ಫೋನ್ ಹೇಗೋ ಜೀವ ಹಿಡಿದುಕೊಂಡಿದೆ, ಅಷ್ಟೇ. ಪ್ರತಿ 10 ಡೆಸಿಬಲ್ ಇಳಿದಾಗಲೂ ಸಿಗ್ನಲ್ ಹತ್ತನೇ ಒಂದು ಪಾಲಿಗೆ ಬೀಳುತ್ತದೆ. ಅಂದರೆ -90ಕ್ಕೂ -110ಕ್ಕೂ ಇರುವುದು ನೂರು ಪಟ್ಟು ವ್ಯತ್ಯಾಸ. ಕಡ್ಡಿ ಲೆಕ್ಕದಲ್ಲಿ ಅದು ಒಂದೆರಡು ಕಡ್ಡಿ ಅಷ್ಟೇ ಕಾಣಬಹುದು.

ಕಂಪನಿಗಳು ತೋರಿಸುವ ಬಣ್ಣ ಬಣ್ಣದ ಕವರೇಜ್ ನಕ್ಷೆಯನ್ನು ನಾನು ಒಂದೇ ಕೆಲಸಕ್ಕೆ ಬಳಸುತ್ತೇನೆ: ಎಲ್ಲಿ ಬಣ್ಣವೇ ಇಲ್ಲವೋ ಅಲ್ಲಿ ಆ ಸಿಮ್ ಬೇಡ. ಬಣ್ಣ ಇದ್ದ ಕಡೆ ಸಿಗ್ನಲ್ ಇದೆ ಅಂತ ನಂಬುವುದಿಲ್ಲ. ಆ ನಕ್ಷೆ ಬೀದಿ ಬೀದಿ ಅಳೆದು ಮಾಡಿದ್ದಲ್ಲ. ಟವರ್ ಎತ್ತರ, ಫ್ರೀಕ್ವೆನ್ಸಿ, ಗುಡ್ಡ, ತಗ್ಗು ಎಲ್ಲ ಹಾಕಿ ಸಾಫ್ಟ್‌ವೇರ್ ಕಟ್ಟಿದ ಅಂದಾಜು. ಅದೂ ಸಾಮಾನ್ಯವಾಗಿ ಮನೆ ಹೊರಗೆ ನಿಂತವನಿಗೆ. ಅಮೆರಿಕದ ಟೆಲಿಕಾಂ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಸಿಬ್ಬಂದಿ ಇದನ್ನೇ ಪರೀಕ್ಷಿಸಲು ರಸ್ತೆಗಿಳಿದಿದ್ದರು. 2019ರ ಡಿಸೆಂಬರ್‌ನಲ್ಲಿ ಬಂದ ಅವರ ವರದಿ ಪ್ರಕಾರ, ನಕ್ಷೆ ಹೇಳಿದ ಕನಿಷ್ಠ ಡೌನ್‌ಲೋಡ್ ವೇಗ ಸಿಕ್ಕಿದ್ದು ಶೇ. 62.3ರಷ್ಟು ಪರೀಕ್ಷೆಗಳಲ್ಲಿ ಮಾತ್ರ.

"ಶೇ. 99 ಜನರಿಗೆ ಕವರೇಜ್" ಅನ್ನುವ ಜಾಹೀರಾತನ್ನೂ ನಿಧಾನವಾಗಿ ಓದಬೇಕು. ಅದು ಜನರ ಲೆಕ್ಕ, ನೆಲದ ಲೆಕ್ಕ ಅಲ್ಲ. ಜನ ನಗರಗಳಲ್ಲೇ ಗುಂಪಾಗಿರುವ ಆಸ್ಟ್ರೇಲಿಯಾದಂಥ ದೇಶದಲ್ಲಿ ಶೇ. 99ಕ್ಕೂ ಜಾಸ್ತಿ ಜನರನ್ನು ತಲುಪುವ ನೆಟ್‌ವರ್ಕ್, ಭೂಭಾಗದ ಅರ್ಧಕ್ಕೂ ತಲುಪುವುದಿಲ್ಲ. ಹೆದ್ದಾರಿಯಲ್ಲಿ ರಾತ್ರಿ ಪ್ರಯಾಣ ಮಾಡುವವರಿಗೆ ಬೇಕಾದದ್ದು ನೆಲದ ಲೆಕ್ಕ.

ಇನ್ನು ಗೋಡೆ. ನನ್ನ ಕಿವಿಗೆ ಬೀಳುವ ದೂರುಗಳಲ್ಲಿ ಹೆಚ್ಚಿನವು ಮನೆಯೊಳಗಿನವು. ಕಡಿಮೆ ಫ್ರೀಕ್ವೆನ್ಸಿ ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಹೆಚ್ಚಿನದು ಜಾಸ್ತಿ ಡೇಟಾ ಹೊರುತ್ತದೆ, ಆದರೆ ಬೇಗ ಸೋಲುತ್ತದೆ. ಆಂಟೆನಾ ಒಂದೇ ತರಹದ್ದಾದರೆ, 700 ಮೆಗಾಹರ್ಟ್ಸ್‌ಗಿಂತ 3500 ಮೆಗಾಹರ್ಟ್ಸ್ ಅಡ್ಡಿಯಿಲ್ಲದ ಬಯಲಲ್ಲೇ 14 ಡೆಸಿಬಲ್ ಹಿಂದೆ ಬೀಳುತ್ತದೆ, ಅಂದರೆ 25 ಪಟ್ಟು. ಗೋಡೆ ಬಂದರೆ ಅಂತರ ಇನ್ನೂ ಹಿಗ್ಗುತ್ತದೆ. ಬೀದಿಯಲ್ಲಿ ಭರ್ಜರಿ 5ಜಿ, ಮಲಗುವ ಕೋಣೆಯಲ್ಲಿ ಏನೂ ಇಲ್ಲ ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಹೊಸ ಕಟ್ಟಡಗಳ ಕಿಟಕಿ ಇನ್ನೊಂದು ಕಾಟ. ಬಿಸಿಲು ತಡೆಯಲು ಗಾಜಿಗೆ ತೆಳುವಾಗಿ ಲೋಹದ ಲೇಪನ ಮಾಡಿರುತ್ತಾರೆ, ಅದೊಂದೇ 20 ಡೆಸಿಬಲ್‌ಗಿಂತ ಜಾಸ್ತಿ ಸಿಗ್ನಲ್ ನುಂಗಬಹುದು. ಆ ಕಿಟಕಿ ಪಕ್ಕ ನಿಂತು ಅಂಕಿ ನೋಡಿ, ಆಮೇಲೆ ಕಿಟಕಿ ತೆರೆದು ನೋಡಿ. -108 ಇದ್ದದ್ದು -90ರ ಹತ್ತಿರ ಬಂದರೆ ಆಶ್ಚರ್ಯವಿಲ್ಲ. ಇಂಥ ಮನೆಯಲ್ಲಿ ಸಿಮ್ ಬದಲಿಸುವುದಕ್ಕಿಂತ ವೈಫೈ ಕಾಲಿಂಗ್ (ಟವರ್ ಬದಲು ಮನೆಯ ವೈಫೈ ಮೂಲಕ ಕಾಲ್) ಆನ್ ಮಾಡುವುದೇ ವಾಸಿ. ಆ ಸೌಲಭ್ಯ ಯಾವ ಕಂಪನಿ ಕೊಡುತ್ತದೆ, ನಿಮ್ಮ ಮಾಡೆಲ್‌ಗೆ ಕೊಡುತ್ತದೆಯಾ ಅಂತ ಮೊದಲೇ ಕೇಳಿಕೊಳ್ಳಿ.

"ನನಗೆ ಅವರ ಮಾತು ಕೇಳುತ್ತದೆ, ನನ್ನ ಮಾತು ಅವರಿಗೆ ಕೇಳಲ್ಲ." ಈ ದೂರಿಗೂ ಬಹಳ ಸಲ ಸಿಗ್ನಲ್ಲೇ ಕಾರಣ. ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ಕಳಿಸುತ್ತದೆ. ನಿಮ್ಮ ಫೋನಿನ ಕೈಲಿರುವುದು ಸಾಮಾನ್ಯವಾಗಿ 0.2 ವಾಟ್. ಮೈಕ್ ಹಿಡಿದವನ ಮಾತು ಕೊನೆ ಸಾಲಿಗೂ ಕೇಳುತ್ತದೆ, ಕೊನೆ ಸಾಲಿನವನು ಪಿಸುಗುಟ್ಟಿದರೆ ವೇದಿಕೆಗೆ ಕೇಳುವುದಿಲ್ಲ, ಅಲ್ವಾ? ಹಾಗೆ. ಆದ್ದರಿಂದ ಹೋಲಿಸುವಾಗ ಡೌನ್‌ಲೋಡ್ ವೇಗ ಮಾತ್ರ ನೋಡಬೇಡಿ, ಅಪ್‌ಲೋಡನ್ನೂ ನೋಡಿ. ಟವರ್‌ಗೆ ದೂರದಲ್ಲಿದ್ದರೆ ಮೊದಲು ಕುಸಿಯುವುದು ಅದೇ. ಟವರ್‌ಗೆ ಕೇಳಿಸಲೆಂದು ಫೋನ್ ತನ್ನ ಶಕ್ತಿಯನ್ನೆಲ್ಲ ಹಾಕಿ ಕೂಗುತ್ತಲೇ ಇರುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಒಂದೇ ಫೋನಿನಲ್ಲಿ ಒಂದು ಸಿಮ್ ಹಾಕಿದಾಗ ಬ್ಯಾಟರಿ ಸಂಜೆವರೆಗೂ ಬಂದು, ಇನ್ನೊಂದು ಹಾಕಿದಾಗ ಮಧ್ಯಾಹ್ನಕ್ಕೇ ಮುಗಿದರೆ ಅದೂ ಒಂದು ಅಳತೆಯೇ.

ಸಿಗ್ನಲ್ ಚೆನ್ನಾಗಿದ್ದೂ ನೆಟ್ ಓಡದಿದ್ದರೆ ಅದು ದಟ್ಟಣೆ. ಒಂದು ಟವರ್‌ನ ಸಾಮರ್ಥ್ಯವನ್ನು ಅದರ ಕೆಳಗಿರುವ ಎಲ್ಲರೂ ಹಂಚಿಕೊಳ್ಳಬೇಕು. ಬೆಳಗಿನ ಜಾವ ಸ್ಪೀಡ್ ಟೆಸ್ಟ್ ಮಾಡಿ ಖುಷಿಪಡುವುದರಲ್ಲಿ ಅರ್ಥವಿಲ್ಲ. ಎಲ್ಲರೂ ಮನೆ ಸೇರಿ ವಿಡಿಯೋ ಹಾಕಿಕೊಳ್ಳುವ ರಾತ್ರಿ ಎಂಟರಿಂದ ಹತ್ತರ ನಡುವೆ ಪರೀಕ್ಷೆ ಮಾಡಿ. ಬಂದ ಅಂಕಿಗಳಲ್ಲಿ ದೊಡ್ಡದನ್ನು ಹಿಡಿದುಕೊಳ್ಳಬೇಡಿ, ನಡುವಿನದನ್ನು ನೋಡಿ, ಅದಕ್ಕಿಂತ ಮುಖ್ಯವಾಗಿ ಅತಿ ಕಡಿಮೆಯದನ್ನು ನೋಡಿ. ಫುಲ್ ಎಚ್‌ಡಿ ವಿಡಿಯೋಗೆ 5 ಎಂಬಿಪಿಎಸ್ ಸಾಕು. ಹಾಗಾಗಿ ಒಂದು ಕಂಪನಿ 300 ಕೊಟ್ಟು ಇನ್ನೊಂದು 150 ಕೊಟ್ಟರೆ ನಿಮಗೆ ತಿಳಿಯುವುದೇ ಇಲ್ಲ. ಒಂದು ಕಂಪನಿ 2ಕ್ಕೆ ಇಳಿದು ಇನ್ನೊಂದು 6ರಲ್ಲಿ ನಿಂತರೆ ತಿಳಿಯುತ್ತದೆ. ನನ್ನ ಮಟ್ಟಿಗೆ ಕಂಪನಿ ಆರಿಸಬೇಕಾದದ್ದು ಅದರ ಕೆಟ್ಟ ಗಂಟೆ ನೋಡಿಯೇ. ಮೂಲೆಯಲ್ಲಿ ಮಿನುಗುವ 5ಜಿ ಅಕ್ಷರಕ್ಕೂ ಜಾಸ್ತಿ ಬೆಲೆ ಕೊಡಬೇಡಿ. ಕೆಲವು ನೆಟ್‌ವರ್ಕ್‌ಗಳಲ್ಲಿ ಡೇಟಾ 4ಜಿಯಲ್ಲೇ ಓಡುತ್ತಿದ್ದರೂ ಹತ್ತಿರ 5ಜಿ ಇದೆ ಅನ್ನುವುದಕ್ಕೇ ಆ ಗುರುತು ಬರುತ್ತದೆ.

ಸಿಮ್ ಕೊಳ್ಳುವ ಮೊದಲೇ ಪುಕ್ಕಟೆಯಾಗಿ ತಿಳಿಯುವ ಎರಡು ಸಂಗತಿ ಇವೆ. ಫೋನಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಆಟೋಮ್ಯಾಟಿಕ್ ಆಯ್ಕೆ ತೆಗೆದರೆ, ಒಂದೆರಡು ನಿಮಿಷ ಹುಡುಕಿ ಆ ಜಾಗದಲ್ಲಿ ಸಿಗುವ ಕಂಪನಿಗಳ ಪಟ್ಟಿ ಕೊಡುತ್ತದೆ. ಬಲ ಎಷ್ಟು ಅಂತ ಹೇಳುವುದಿಲ್ಲ, ಇದೆಯೋ ಇಲ್ಲವೋ ಅಂತ ಹೇಳುತ್ತದೆ. ಹಿಂದಿನ ಕೋಣೆಯಲ್ಲಿ ಯಾವ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು ಅಂತ ನೋಡಿ. ಇನ್ನೊಂದು, ಪರದೆಯ ಮೇಲೆ ಬರುವ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅನ್ನುವ ಸಾಲು. ತುರ್ತು ಕರೆ ಯಾವ ಕಂಪನಿಯ ಟವರ್‌ನಿಂದಲೂ ಹೋಗಬಹುದು. ನಿಮ್ಮ ಸಿಮ್‌ಗೆ ತೊಂದರೆ ಇಲ್ಲದೆಯೂ ಆ ಸಾಲು ಬಂದರೆ, ನಿಮ್ಮ ಕಂಪನಿ ಅಲ್ಲಿಲ್ಲ, ಬೇರೆ ಯಾವುದೋ ಇದೆ ಅಂತ ಅರ್ಥ. "ನೋ ಸರ್ವೀಸ್" ಬಂದರೆ ಬೇರೆಯವರ ಟವರ್ ಕೂಡ ಸಿಗುತ್ತಿಲ್ಲ.

ಆಮೇಲೆ ನಿಜವಾದ ಪರೀಕ್ಷೆ. ಅತಿ ಅಗ್ಗದ ಪ್ರೀಪೇಯ್ಡ್ ಸಿಮ್ ಒಂದು, ಅಥವಾ ಕೆಲವು ಕಂಪನಿಗಳು ಕೊಡುವ ಇ-ಸಿಮ್ ಟ್ರಯಲ್. ಹಳೇ ನಂಬರ್ ಹಾಗೇ ಇರಲಿ, ಪೋರ್ಟ್ ಮಾಡುವ ಅವಸರ ಬೇಡ. ಹೊಸ ಸಿಮ್‌ನಿಂದ ಮಲಗುವ ಕೋಣೆ, ಕೆಲಸದ ಜಾಗ, ನಡುವಿನ ದಾರಿ, ಲಿಫ್ಟ್ ಎಲ್ಲ ಕಡೆ ಕಾಲ್ ಮಾಡಿ ಮಾತಾಡಿ. ಎರಡನ್ನೂ ಒಂದೇ ಫೋನಿನಲ್ಲಿ ಹಾಕಿ ಹೋಲಿಸಿದರೆ ಇನ್ನೂ ವಾಸಿ, ಏಕೆಂದರೆ ಫೋನೂ ಆಟದಲ್ಲಿ ಪಾಲುದಾರ. ಕಂಪನಿಯ ಕಡಿಮೆ ಫ್ರೀಕ್ವೆನ್ಸಿ ಬ್ಯಾಂಡ್ ನಿಮ್ಮ ಫೋನಿಗೆ ಬರದಿದ್ದರೆ, ಅದರ ಎಲ್ಲಕ್ಕಿಂತ ದೂರ ಹೋಗುವ ಸಿಗ್ನಲ್ ನಿಮ್ಮ ಪಾಲಿಗೆ ಇಲ್ಲವೇ ಇಲ್ಲ. ಬೇರೆ ದೇಶದಿಂದ ತರಿಸಿದ ಫೋನ್‌ಗಳಲ್ಲಿ ಈ ತೊಂದರೆ ಜಾಸ್ತಿ. ವೋಲ್ಟಿಯೂ (4ಜಿ ಮೇಲೆಯೇ ಕಾಲ್ ಹೋಗುವ ಸೌಲಭ್ಯ) ಹಾಗೇ. ಕಂಪನಿ ನಿಮ್ಮ ಮಾಡೆಲ್‌ಗೆ ಅದನ್ನು ತೆರೆದಿಲ್ಲದಿದ್ದರೆ, 2ಜಿ, 3ಜಿ ಮುಚ್ಚಿದ ಕಡೆ ಡೇಟಾ ಓಡಿಯೂ ಕಾಲ್ ಹೋಗದೆ ಇರಬಹುದು.

ಇಷ್ಟಾದ ಮೇಲೆ ದುಡ್ಡಿನ ಲೆಕ್ಕ. ಮೊದಲೇ ಮಾಡಿದರೆ ಸಿಗದ ಸಿಗ್ನಲ್‌ಗೆ ಡಿಸ್ಕೌಂಟ್ ಪಡೆದಂತಾಗುತ್ತದೆ. ಫೋನಿನಲ್ಲಿ ಮೂರು ತಿಂಗಳ ಮೊಬೈಲ್ ಡೇಟಾ ಬಳಕೆ ನೋಡಿ, ವೈಫೈ ಬಿಟ್ಟು. ಮನೆಯಲ್ಲಿ ವೈಫೈ ಇರುವ ಎಷ್ಟೋ ಜನ ತಾವು ಕೊಂಡ ಡೇಟಾದ ಕಾಲು ಭಾಗವನ್ನೂ ಮುಟ್ಟಿರುವುದಿಲ್ಲ. ಒಂದು ಜಿಬಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕುವಾಗ ಕೊಟ್ಟ ಜಿಬಿಯಿಂದ ಭಾಗಿಸಬೇಡಿ, ಬಳಸಿದ ಜಿಬಿಯಿಂದ ಭಾಗಿಸಿ. ದಿನಕ್ಕಿಷ್ಟು ಅಂತ ಕೊಡುವ ಪ್ಲಾನ್‌ನಲ್ಲಿ ಉಳಿದದ್ದು ಸಾಮಾನ್ಯವಾಗಿ ಮಧ್ಯರಾತ್ರಿಗೆ ಹೋಗಿಬಿಡುತ್ತದೆ. ವಾರವೆಲ್ಲ ಸುಮ್ಮನಿದ್ದು ಭಾನುವಾರ ಒಂದೇ ದಿನ ಸಿನಿಮಾ ನೋಡುವವರಿಗೆ ತಿಂಗಳಿಗೆ ಒಟ್ಟಾಗಿ ಕೊಡುವ ಪ್ಲಾನೇ ಸರಿ. 28 ದಿನದ ಪ್ಲಾನ್ ತಿಂಗಳ ಪ್ಲಾನ್ ಅಲ್ಲ, ವರ್ಷಕ್ಕೆ 13 ಸಲ ರೀಚಾರ್ಜ್. ಹೋಲಿಸುವುದಾದರೆ ಎಲ್ಲವನ್ನೂ ಒಂದು ವರ್ಷಕ್ಕೆ ತಂದು ಹೋಲಿಸಿ.

"ಅನ್‌ಲಿಮಿಟೆಡ್" ಅಂದ ಕಡೆ ಚಿಕ್ಕ ಅಕ್ಷರ ಓದಿ. ಮಿತಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ ಅಂತಿದ್ದರೆ, ಒಂದು ಜಿಬಿ ಇಳಿಸಲು ಸುಮಾರು 35 ಗಂಟೆ ಬೇಕು. ಅದಕ್ಕೆ ಅನ್‌ಲಿಮಿಟೆಡ್ ಅನ್ನುವ ಧೈರ್ಯ ಮಾರ್ಕೆಟಿಂಗ್‌ನವರಿಗೆ ಮಾತ್ರ ಇರುತ್ತದೆ.

ಸ್ವಂತ ಟವರ್ ಇಲ್ಲದೆ ದೊಡ್ಡ ಕಂಪನಿಯ ನೆಟ್‌ವರ್ಕನ್ನೇ ಬಾಡಿಗೆಗೆ ಪಡೆದು ಅಗ್ಗಕ್ಕೆ ಮಾರುವವರೂ ಇದ್ದಾರೆ. ಬ್ರಿಟನ್ನಿನಲ್ಲಿ 1999ರಲ್ಲಿ ಶುರುವಾದ ವರ್ಜಿನ್ ಮೊಬೈಲ್ ಈ ದಾರಿಯ ಮೊದಲಿಗರಲ್ಲಿ ಒಂದು. ಟವರ್ ಅದೇ, ಸಿಗ್ನಲ್ ಅದೇ. ಆದರೆ ದಟ್ಟಣೆ ಹೊತ್ತಿನಲ್ಲಿ ಕೆಲವು ಕಡೆ ಇವರ ಗ್ರಾಹಕರಿಗೆ ಸರದಿಯಲ್ಲಿ ಹಿಂದಿನ ಜಾಗ. ಟವರ್ ಖಾಲಿ ಇರುವ ಬಡಾವಣೆಯಲ್ಲಿದ್ದರೆ ಇದು ಗೊತ್ತೇ ಆಗುವುದಿಲ್ಲ, ಧಾರಾಳವಾಗಿ ತಗೊಳ್ಳಿ. ತುಂಬಿ ತುಳುಕುವ ಜಾಗದಲ್ಲಿದ್ದರೆ ರಾತ್ರಿ ಒಂಬತ್ತಕ್ಕೆ ಅಗ್ಗದ ಬೆಲೆಯ ಕಾರಣ ತಿಳಿಯುತ್ತದೆ.

ಇದೇ ಕಾರಣಕ್ಕೆ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ ಎರಡನೇ ಸಿಮ್ ಇಡುವವರು ಅದು ಯಾರ ನೆಟ್‌ವರ್ಕ್ ಮೇಲೆ ಓಡುತ್ತದೆ ಅಂತ ಕೇಳಿಯೇ ತಗೊಳ್ಳಬೇಕು. ಹೆಸರು ಬೇರೆ, ಬಣ್ಣ ಬೇರೆ, ಟವರ್ ಒಂದೇ ಆದರೆ ಎರಡೂ ಒಟ್ಟಿಗೇ ಮಲಗುತ್ತವೆ.