ಬೋರಲು ಮಲಗಿಸಿದಾಗ ಉಸಿರಿನ ನಳಿಕೆ ಕಳಚಿದರೆ?

ಪ್ರಶ್ನೆ: ಅಮ್ಮನಿಗೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ. ಗಂಟೆಗಟ್ಟಲೆ ಬೋರಲು ಮಲಗಿಸುತ್ತಾರಂತೆ. ನಡುವೆ ಉಸಿರಿನ ನಳಿಕೆ ಹೊರಬಂದರೆ, ಅಂಗಾತ ಮಗುಚುವವರೆಗೆ ಉಸಿರೇ ಇಲ್ಲದೆ ಇರಬೇಕೇ?

ಉತ್ತರ: ಬೇಕಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ರೋಗಿಗಳನ್ನು ನೋಡಲು ಹೋದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಅರಿವಳಿಕೆ ಕಲಿಯಲು ಬಂದ ವೈದ್ಯರೂ “ಮೊದಲು ಮಗುಚಬೇಕು, ಆಮೇಲೆ ಉಸಿರು ಕೊಡಬೇಕು” ಎಂದು ಬಾಯಿಪಾಠ ಒಪ್ಪಿಸುತ್ತಾರಲ್ಲ, ಬೇಸರ ಅದಕ್ಕೆ. ಇದನ್ನು ಮರೆಸುವುದು ಹೊಸದನ್ನು ಕಲಿಸುವುದಕ್ಕಿಂತ ಕಷ್ಟ.

ಮಗುಚುವುದೆಂದರೆ ಮಗ್ಗುಲು ಬದಲಿಸಿದಷ್ಟು ಸುಲಭವಲ್ಲ. ಬೆನ್ನು ತೆರೆದಿರುತ್ತದೆ. ಕುತ್ತಿಗೆಯ ಹಿಂಬದಿಯ ಶಸ್ತ್ರಚಿಕಿತ್ಸೆಯಾದರೆ ಎಷ್ಟೋ ಸಲ ಮೂರು ಪಿನ್ನುಗಳ ಹಿಡಿಕೆ ತಲೆಬುರುಡೆಯನ್ನು ಕಚ್ಚಿಕೊಂಡಿರುತ್ತದೆ. ಗಾಯ ಮುಚ್ಚಬೇಕು, ಹಿಡಿಕೆ ಬಿಚ್ಚಬೇಕು, ಟ್ರಾಲಿ ತರಬೇಕು, ಐದಾರು ಜನ ಒಟ್ಟಿಗೆ ಕೈಹಾಕಬೇಕು. ದೇಹ ಅಷ್ಟು ಹೊತ್ತು ಕಾಯದು.

“ಬೋರಲು ಮಲಗಿದವರ ಗಂಟಲಿಗೆ ಏನನ್ನೂ ತೂರಿಸಲಾಗದು” ಎನ್ನುವವರು ಒಮ್ಮೆ ನಾಲಿಗೆಯ ಭಾರವನ್ನು ನೆನೆಯಲಿ. ಮತ್ತಿನಲ್ಲಿ ಅಂಗಾತ ಮಲಗಿದವರ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಅಡ್ಡವಾಗುತ್ತದೆ. ಬೋರಲಾದಾಗ ಅದೇ ನಾಲಿಗೆ, ಅದೇ ದವಡೆ ಮುಂದಕ್ಕೆ ಜೋತು ಬಿದ್ದು ದಾರಿ ಬಿಡುತ್ತವೆ. ಜೊಲ್ಲು ಶ್ವಾಸಕೋಶಕ್ಕೆ ಇಳಿಯುವ ಬದಲು ಹೊರಗೆ ತೊಟ್ಟಿಕ್ಕುತ್ತದೆ. ಅಂಗಾತ ಮಲಗಿದಾಗ ನಮ್ಮ ವಿರುದ್ಧ ನಿಲ್ಲುವ ಗುರುತ್ವಾಕರ್ಷಣೆ ಇಲ್ಲಿ ನಮ್ಮ ಕಡೆಗಿದೆ.

ಇದರ ಲಾಭ ಸಿಗುವುದು ಲಾರಿಂಜಿಯಲ್ ಮಾಸ್ಕ್‌ನಿಂದ. ಬ್ರಿಟನ್ನಿನ ಅರಿವಳಿಕೆ ತಜ್ಞ ಆರ್ಚಿ ಬ್ರೇನ್ 1981ರಲ್ಲಿ ರೂಪಿಸಿದ ಸಾಧನವಿದು. ತುದಿಯಲ್ಲಿ ಪುಟ್ಟ ದೋಣಿಯಂಥ ಮೆತ್ತೆಯಿರುತ್ತದೆ. ಅದು ಶ್ವಾಸನಾಳದೊಳಗೆ ಹೋಗುವುದಿಲ್ಲ, ಅದರ ಬಾಯಿಯ ಮೇಲೆ ಕೂರುತ್ತದೆ.

ನಳಿಕೆ ಕಳಚಿತೆಂದು ಮೊದಲು ಹೇಳುವುದು ಮಾನಿಟರಿನಲ್ಲಿ ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್‌ನ ಅಲೆ. ಗುಡ್ಡದಂತೆ ಏರಿಳಿಯುತ್ತಿದ್ದ ಗೆರೆ ನೆಲಕ್ಕೆ ಒರಗುತ್ತದೆ. ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಕ್ಲಿಪ್ಪು ಆಗಲೂ ಶೇ. 99 ಎನ್ನುತ್ತಿರಬಹುದು. ಅದನ್ನು ನಂಬಿ ಕೂರಬಾರದು. ಸಹಾಯಕ್ಕೆ ಕೂಗಿ, ಪೂರ್ಣ ಆಮ್ಲಜನಕ ತೆರೆದು, ಮುಖ ಕೈಗೆ ಸಿಗುವಂತಿದ್ದರೆ ಮಾಸ್ಕ್ ಒತ್ತಿ ಉಸಿರು ಕೊಡುತ್ತೇವೆ. ಒಬ್ಬರು ತಲೆಗೆ ಆಧಾರ ಕೊಟ್ಟಾಗ ಇನ್ನೊಬ್ಬರು ಕೆಳಗಿನಿಂದ ಬಾಯಿ ತೆರೆದು, ಅಂಗುಳಕ್ಕೆ ತಾಗಿಸಿಕೊಂಡೇ ಲಾರಿಂಜಿಯಲ್ ಮಾಸ್ಕ್ ಜಾರಿಸುತ್ತಾರೆ. ಸರಿಯಾಗಿ ಕೂತರೆ ಗುಡ್ಡ ಮತ್ತೆ ಏಳುತ್ತದೆ. ನನ್ನ ವಿದ್ಯಾರ್ಥಿಗಳು ಇದನ್ನು ಬೊಂಬೆಯನ್ನು ಬೋರಲು ಹಾಕಿ, ಮೇಜಿನ ಕೆಳಗೆ ಮಂಡಿಯೂರಿ ಕಲಿಯುತ್ತಾರೆ. ಅವರ ಬಗ್ಗೆ ನನಗೆ ಹೆಮ್ಮೆಯಿದೆ.

ಇದೂ ಕೂರದಿದ್ದರೆ ತಡಮಾಡದೆ ಮಗುಚಲೇಬೇಕು. ಅದಕ್ಕೆಂದೇ ಖಾಲಿ ಟ್ರಾಲಿಯೊಂದು ಥಿಯೇಟರಿನ ಬಾಗಿಲ ಬಳಿ ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ನಿಂತಿರುತ್ತದೆ. ಅದನ್ನು ಬೇರೆಡೆಗೆ ಒಯ್ಯಲು ನಾನು ಬಿಡುವುದಿಲ್ಲ.

ನಳಿಕೆ ಕಳಚಲು ಹೆಚ್ಚಾಗಿ ಕಾರಣ ಜೊಲ್ಲು. ಅದು ಪ್ಲಾಸ್ಟರನ್ನು ನೆನೆಸಿ ಸಡಿಲಿಸುತ್ತದೆ. ಕತ್ತು ಹಿಂದಕ್ಕೆ ಬಾಗಿದರೂ ನಳಿಕೆಯ ತುದಿ ಮೇಲಕ್ಕೆ ಸರಿಯುತ್ತದೆ. ಹಾಗಾಗಿ ರೋಗಿಯನ್ನು ಬೋರಲು ಮಲಗಿಸಿದ ಕೂಡಲೇ ಸ್ಟೆತೊಸ್ಕೋಪ್ ಇಟ್ಟು ಎರಡೂ ಶ್ವಾಸಕೋಶಗಳನ್ನು ಮತ್ತೆ ಆಲಿಸುತ್ತೇವೆ.

ಬೋರಲು ಮಲಗಿದಾಗ ಹೃದಯವೇ ನಿಂತರೆ? ನೀವು ಕೇಳಿಲ್ಲ, ಆದರೆ ಅಲ್ಲಿಯೂ ಅದೇ “ಮೊದಲು ಮಗುಚಿ” ಅಡ್ಡ ಬರುವುದರಿಂದ ಹೇಳುತ್ತೇನೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2020ರಲ್ಲಿ ಕೋವಿಡ್ ರೋಗಿಗಳಿಗಾಗಿ ಕೊಟ್ಟ ಸೂಚನೆ ಹೀಗಿತ್ತು: ನಳಿಕೆ ಹಾಕಿದ ರೋಗಿಯನ್ನು ಅಪಾಯವಿಲ್ಲದೆ ಮಗುಚಲಾಗದಿದ್ದರೆ, ಬೆನ್ನಿನ ಮೇಲೆಯೇ, ಎದೆಭಾಗದ 7ರಿಂದ 10ನೇ ಕಶೇರುಗಳ ಮಟ್ಟದಲ್ಲಿ ಒತ್ತಬಹುದು. ಗಾಯ ನಡುಬೆನ್ನಿನಲ್ಲಿದ್ದರೆ ಅದರ ಎರಡು ಬದಿಗೆ ಒಂದೊಂದು ಅಂಗೈ ಇಟ್ಟು ಒತ್ತುತ್ತೇವೆ. ಎದೆಮೂಳೆಯ ಕೆಳಗೆ ಇನ್ನೊಬ್ಬರು ಮುಷ್ಟಿ ಇಟ್ಟು ಆಧಾರ ಕೊಡುತ್ತಾರೆ. ರಕ್ತನಾಳದಲ್ಲಿ ಒತ್ತಡ ಅಳೆಯುವ ಸೂಜಿಯಿದ್ದರೆ, ಪ್ರತಿ ಒತ್ತಿಗೂ ರಕ್ತದೊತ್ತಡ ಎಷ್ಟು ಏರಿತೆಂದು ಪರದೆಯ ಮೇಲೆ ಕಾಣುತ್ತದೆ.